ಕುಂಕುಮ ಹಚ್ಚದ ಪಿಪೆಟ್ಟು

ಹೂಡಿಯ ಚನ್ನಬಸಮ್ಮನಿಗೆ ಇರುವಷ್ಟು ಮಕ್ಕಳು ಭೂಮಂಡಲದಲ್ಲಿ ಇನ್ಯಾವ ತಾಯಿಗೂ ಇಲ್ಲ. ಹೆತ್ತದ್ದು ಒಬ್ಬಳನ್ನೇ. ಆ ರಕ್ಷಿತಾ ಮದುವೆಯಾಗಿ ಹುಬ್ಬಳ್ಳಿ ಸೇರಿದ್ದಾಳೆ. ಉಳಿದವರೆಲ್ಲ ಬೊಮ್ಮಸಂದ್ರದ ಒಂದು ಪ್ರಯೋಗಾಲಯದಲ್ಲಿ, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯೊಳಗೆ, ಕುಂಕುಮ ಕದಡಿದಂಥ ಕೆಂಪು ನೀರಿನಲ್ಲಿ ತೇಲಿಕೊಂಡಿದ್ದಾರೆ. ಒಂದು ಬಾಟಲಿಯಲ್ಲಿ ಇಡೀ ಕರ್ನಾಟಕ ಹಿಡಿಸಿ ಇನ್ನೂ ಜಾಗ ಮಿಗುತ್ತದೆ, ಆದರೂ ಪಾರ್ಕಿಂಗ್ ಜಗಳ ಒಂದೂ ಇಲ್ಲ ಎಂದು ಆಕೆಯ ಗಂಡ ಮಡಿವಾಳಪ್ಪ ಬಂದ ನೆಂಟರಿಗೆಲ್ಲ ಹೇಳುತ್ತಿರುತ್ತಾನೆ.

ಮಡಿವಾಳಪ್ಪನಿಗೆ ಪೀಣ್ಯದಲ್ಲಿ ಒಂದು ಲೇತ್ ಶೆಡ್ಡು. ಹೆಂಡತಿಗೆ ಬೊಮ್ಮಸಂದ್ರದಲ್ಲಿ ಕೆಲಸ. ಬೆಂಗಳೂರಿನ ಭೂಪಟ ನೋಡಿದವರಿಗೆ ಇವೆರಡೂ ಊರಿನ ಎರಡು ತುದಿ ಎಂದು ಗೊತ್ತು. ಯಾರಿಗೂ ಪಕ್ಷಪಾತ ಆಗಬಾರದು, ಇಬ್ಬರಿಗೂ ಸಮಾನ ಅನ್ಯಾಯವಾಗಲಿ ಎಂದು ದಂಪತಿಗಳು ಮೂರನೆಯ ತುದಿಯಾದ ಹೂಡಿಯಲ್ಲಿ ಫ್ಲ್ಯಾಟು ತೆಗೆದುಕೊಂಡರು. ಚನ್ನಬಸಮ್ಮನ ಕಂಪನಿ ವ್ಯಾನು ವರ್ತೂರು, ಸರ್ಜಾಪುರ, ಚಂದಾಪುರ ಸುತ್ತಿಕೊಂಡು ಹೋಗುತ್ತದೆ. ಒಮ್ಮೆ ಆ ವ್ಯಾನಿನಲ್ಲಿ ಒಬ್ಬಳು ಸೀಟಿನ ಕೆಳಗೆ ನೆನೆಸಿದ ಹೆಸರುಕಾಳು ಇಟ್ಟಿದ್ದಳಂತೆ. ಆಫೀಸು ತಲುಪುವಷ್ಟರಲ್ಲಿ ಮೊಳಕೆ ಬಂದಿತ್ತು. ಸಂಜೆ ವಾಪಸ್ಸು ಬರುವಾಗ ಬಳ್ಳಿ ಕಿಟಕಿಯಿಂದಾಚೆ ಹಬ್ಬಿ ಹೂ ಬಿಟ್ಟಿತ್ತು. ನಂಬದವರು ಆ ದಾರಿಯಲ್ಲಿ ಒಂದು ಸಲ ಹೋಗಿಬರಬಹುದು.

ವ್ಯಾನಿಗಾಗಿ ಆಕೆ ಕಾಯುವ ಜಾಗದಲ್ಲೇ ಕೂಲಿ ನಾಕಾ. ಬೆಳಕು ಹರಿಯುವ ಹೊತ್ತಿಗೆ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಬಾಡಿಗೆ ಕೋಣೆಗಳಲ್ಲಿ ಇರುವ ಜನ ಅಲ್ಲಿ ಬಂದು ಫುಟ್‌ಪಾತಿನ ಅಂಚಿಗೆ ಕೂರುತ್ತಾರೆ. ಗಾರೆಯವನ ಪಕ್ಕ ಕರಣೆ, ಬಣ್ಣದವನ ಪಕ್ಕ ಬ್ರಷ್ಷು, ಅಗೆಯುವವನ ಪಕ್ಕ ಹಾರೆ. ಮೇಸ್ತ್ರಿಗಳು ಬೈಕಿನಲ್ಲಿ ಬಂದು ಬೇಕಾದವರನ್ನು ಎಬ್ಬಿಸಿಕೊಂಡು ಹೋಗುತ್ತಾರೆ. ಚನ್ನಬಸಮ್ಮ ಹರಿಹರದವಳು, ಬಿಎಸ್ಸಿ ಓದಿದವಳು, ಕೈಯಲ್ಲಿ ಟಿಫಿನ್ ಚೀಲ ಹಿಡಿದು ನಿಂತು ದಿನವೂ ಇದನ್ನು ನೋಡುತ್ತಾಳೆ. ತನ್ನ ಕೆಲಸವನ್ನು ಗಂಡನಿಗೆ ತಿಳಿಸಿ ಹೇಳಬೇಕಾಗಿ ಬಂದಾಗ ಆಕೆಯ ಬಾಯಿಗೆ ಬಂದದ್ದೂ ಈ ನಾಕಾ.

"ಅಲ್ವೇ, ದಿನಾ ಎಬ್ಬಿಸ್ಬೇಕು ಎಬ್ಬಿಸ್ಬೇಕು ಅಂತೀಯಲ್ಲ, ಅವೇನು ನಿಮ್ಮಣ್ಣನ ಹಂಗೆ ಹತ್ತು ಗಂಟೆ ತನಕ ಬಿದ್ಕೊಂಡಿರ್ತಾವಾ?" ಎಂದು ಮಡಿವಾಳಪ್ಪ ಒಂದು ಭಾನುವಾರ ಕೇಳಿದ್ದ.

"ನಮ್ಮಣ್ಣನ ಸುದ್ದಿ ಬ್ಯಾಡ. ನಾಕಾದಾಗೆ ಕೂತಿರ್ತಾರಲ್ಲ ರೀ, ಹಂಗಿರ್ತಾವೆ. ಸಹಾಯಕ ಟಿ-ಕೋಶ ಅಂತ ಹೆಸರು. ತಾವಾಗಿ ಯಾವ ಹುಳಾನೂ ತಿನ್ನಲ್ಲ. ಯಾರು ತಿನ್ಬೇಕು, ಯಾರು ಬಡೀಬೇಕು ಅಂತ ಕೂಗಿ ಹೇಳೋದು ಅವುಗಳ ಕೆಲಸ."

"ಸೂಪರ್‌ವೈಸರ್ ಅನ್ನು."

"ಅನ್ಕೊಳ್ಳಿ. ಈಗ ಕ್ಷಯದ ಹುಳ ಎದೆಗೂಡಿಗೆ ಬಂತು. ಅಲ್ಲೊಂದು ಕೋಶ ಇರ್ತದೆ, ಮೈಯೆಲ್ಲಾ ಕೊಂಬೆ ಕೊಂಬೆ ಕೈ. ಡೆಂಡ್ರಿಟಿಕ್ ಅಂತಾರೆ. ಅದು ಹುಳಾನ ನುಂಗಿ, ಅರೆದು, ಒಂದು ಚೂರನ್ನ ಅಂಗೈ ಮೇಲೆ ಇಟ್ಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗ್ತದೆ. ಜ್ವರ ಬಂದಾಗ ಕುತ್ತಿಗೇಲಿ ಗಂಟು ಕಟ್ತಾವಲ್ಲ, ಅಂಥ ಜಾಗ. ಅದೇ ನಾಕಾ. ಅಲ್ಲಿ ಲಕ್ಷಗಟ್ಟಲೆ ಟಿ-ಕೋಶ. ಒಂದೊಂದಕ್ಕೂ ಒಂದೊಂದೇ ಚೂರಿನ ಗುರ್ತು. ಆ ಕೊಂಬೆ ಕೈಯೋನೇ ಮೇಸ್ತ್ರಿ, ಚೂರನ್ನ ಎಲ್ಲರಿಗೂ ತೋರಿಸ್ಕೊಂಡು ಹೋಗ್ತಾನೆ. ಯಾವನಿಗೆ ಗುರ್ತು ಹತ್ತುತ್ತೋ ಅವನು ತಲೆ ಎತ್ತುತಾನೆ. ಅದು ಮೊದಲನೇ ಸನ್ನೆ."

"ಎದ್ದೇಬಿಟ್ಟ."

"ಎಲ್ಲಿ? ಗುರ್ತು ಹತ್ತಿದ್ರೆ ಸಾಲದು. ಮೇಸ್ತ್ರಿ ಹೆಗಲ ಮೇಲೆ ಕೈ ಇಟ್ಟು 'ನಡಿ' ಅನ್ಬೇಕು. ಅದು ಎರಡನೇ ಸನ್ನೆ. ಎರಡೂ ಒಟ್ಟಿಗೇ ಸಿಗ್ಬೇಕು. ಆವಾಗ ಅದು ತನ್ನ ಬುತ್ತಿ ತಾನೇ ಬೇಯಿಸ್ಕೊಂಡು ಉಂಡು, ಒಂದಿದ್ದದ್ದು ಎರಡಾಗಿ, ಎರಡು ನಾಲ್ಕಾಗಿ, ದಂಡೇ ಆಗ್ತದೆ."

"ಹೆಗಲ ಮೇಲೆ ಕೈ ಇಡದಿದ್ರೆ?"

"ಮುನಿಸ್ಕೋತದೆ. ಆಮೇಲೆ ಬಂಗಾರದ ಮೇಸ್ತ್ರಿ ಬಂದ್ರೂ ಏಳಲ್ಲ. ಬುತ್ತಿ ಕಟ್ಟೋದೇ ಮರ್ತುಬಿಡ್ತದೆ. ಅದೂ ಒಳ್ಳೇದಕ್ಕೇ. ನಮ್ಮ ಮೈಯದೇ ಚೂರು ನೋಡಿ ತಪ್ಪಿ ಎದ್ದುಬಿಟ್ಟಾವು, ಎದ್ರೆ ಇರೋ ಮನೇನೇ ಕೆಡವ್ತಾವೆ. ಅದಕ್ಕೇ ಎರಡು ಬೀಗ."

"ಇದು ಪೂರಾ ನಿಮ್ಮಣ್ಣನ ಕಥೆ ಕಣೇ," ಎಂದು ಮಡಿವಾಳಪ್ಪ ತೀರ್ಪು ಕೊಟ್ಟು ಪೇಪರು ಬಿಡಿಸಿದ.

ಇಷ್ಟೆಲ್ಲ ತಿಳಿದವಳೇ ಕಳೆದ ವರ್ಷ ಒಂದು ತಪ್ಪು ಮಾಡಿದಳು. ಅದು ಹೇಗೆ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಪೀಣ್ಯದ ಲೇತುಗಳ ಸ್ವಭಾವ ಗೊತ್ತಿರಬೇಕು. ಆಯುಧಪೂಜೆಯ ದಿನ ಯಂತ್ರ ತೊಳೆದು, ವಿಭೂತಿ ಬಳಿದು, ಹೂ ಮುಡಿಸಿ, ಮಂಗಳಾರತಿ ಎತ್ತಿದ ಮೇಲೆ ಅದನ್ನು ಮುಟ್ಟುವಂತಿಲ್ಲ. ಅದರ ಪಾಲಿಗೂ ಹಬ್ಬ. ವಿಜಯದಶಮಿ ಕಳೆದ ಮೇಲೇ ಸ್ವಿಚ್ಚು. ಮಡಿವಾಳಪ್ಪನ ಪಕ್ಕದ ಶೆಡ್ಡಿನವನೊಬ್ಬ ಅರ್ಜೆಂಟ್ ಆರ್ಡರ್ ಎಂದು ಪೂಜೆಯಾದ ಸಂಜೆಯೇ ಲೇತ್ ಓಡಿಸಿದ. ಆ ಲೇತು ಸಿಟ್ಟಾಗಿ ದೀಪಾವಳಿಯವರೆಗೆ ಎಂಥ ದುಂಡು ಕಂಬಿ ಕೊಟ್ಟರೂ ಚೌಕ ಮಾಡಿಯೇ ಹೊರಗೆ ಕಳಿಸಿತು. ಅವನು ಕೊನೆಗೆ ಚೌಕದ ಕಂಬಿಯದೇ ವ್ಯಾಪಾರ ಹಿಡಿದು ಉದ್ಧಾರವಾದ, ಆ ಮಾತು ಬೇರೆ. ಚನ್ನಬಸಮ್ಮ ಈ ಕಥೆಯನ್ನು ಮದುವೆಯಾದ ವರ್ಷವೇ ಕೇಳಿದ್ದಳು. ಪ್ರಯೋಗಾಲಯಕ್ಕೆ ಸೇರಿದ ಮೇಲೆ ಅಲ್ಲಿ ಆಯುಧಪೂಜೆ ಶುರು ಮಾಡಿಸಿದವಳೂ ಆಕೆಯೇ. ಮೈಕ್ರೋಸ್ಕೋಪಿಗೆ ಸೇವಂತಿಗೆ, ಬೆಚ್ಚನೆ ಪೆಟ್ಟಿಗೆಗೆ ಮೂರು ಬೆರಳ ವಿಭೂತಿ, ಸೆಂಟ್ರಿಫ್ಯೂಜಿಗೆ ನಿಂಬೆಹಣ್ಣು. ಆಡಿಟಿಗೆ ಬಂದ ಪರದೇಶದವರು ಈ ನಿಂಬೆಹಣ್ಣನ್ನು ಯಂತ್ರದ ಬಿಡಿಭಾಗವೆಂದು ತಿಳಿದು ಫೋಟೋ ತೆಗೆದುಕೊಂಡು ಹೋಗಿದ್ದರು.

ಕಳೆದ ವರ್ಷ ಆ ಹಬ್ಬದ ಹೊತ್ತಿಗೆ ಪ್ರಯೋಗಾಲಯದಲ್ಲಿ ಒಂದು ಇಕ್ಕಟ್ಟಿತ್ತು. ಕ್ಷಯದ ಲಸಿಕೆಯೊಂದನ್ನು ಪರೀಕ್ಷಿಸುವ ಕೆಲಸವನ್ನು ಅವರು ಒಪ್ಪಿಕೊಂಡಿದ್ದರು. ಅದಕ್ಕೆ ಬೇಕಾದ ಟಿ-ಕೋಶಗಳ ಒಂದು ಸಂತಾನವನ್ನು ಚನ್ನಬಸಮ್ಮ ಯುಗಾದಿಯಿಂದ ಸಾಕಿಕೊಂಡು ಬಂದಿದ್ದಳು. ಕ್ಷಯದ ಹುಳದ ಒಂದೇ ಒಂದು ಚೂರನ್ನು ಗುರುತಿಸುವ ಕೋಶಗಳು ಅವು. ರಕ್ತ ಕೊಟ್ಟವರು ಯಾರೆಂದು ನಿಯಮದ ಪ್ರಕಾರ ಯಾರಿಗೂ ತಿಳಿಯದು, ಮತ್ತೆ ಹೋಗಿ ಕೇಳುವಂತಿಲ್ಲ. ಹೆಪ್ಪುಗಟ್ಟಿಸಿ ಎತ್ತಿಟ್ಟಿದ್ದ ಪಾಲೆಲ್ಲ ಬೇಸಿಗೆಯಲ್ಲಿ ನೈಟ್ರೋಜನ್ ಸಿಲಿಂಡರು ಬರಿದಾಗಿ ಹಾಳಾಗಿತ್ತು. ಉಳಿದದ್ದು ಒಂದೇ ಬಾಟಲಿ. ಅವುಗಳನ್ನು ಒಮ್ಮೆ ಎಬ್ಬಿಸಿ, ದಂಡು ಬೆಳೆಸಿ, ಅರ್ಧ ಹೆಪ್ಪುಗಟ್ಟಿಸಿ, ಇನ್ನರ್ಧವನ್ನು ಪರೀಕ್ಷೆಗೆ ಕೊಡಬೇಕು. ಆಗಲೇ ಲಸಿಕೆಯವರು ಬರುವ ದಿನವೂ ನಿಶ್ಚಯವಾಗಿತ್ತು.

"ಮೇಡಂ, ನೇರವಾಗಿ ಹೇಳ್ಬಿಡ್ತೀನಿ," ಎಂದಿದ್ದ ಮುಖ್ಯಸ್ಥ ಈರೇಶ್. ವಯಸ್ಸಿನಲ್ಲಿ ಆಕೆಗಿಂತ ಸಣ್ಣವನು, ಬಳ್ಳಾರಿ ಕಡೆಯವನು, ಮಾತು ಪೂರಾ ಬೆಂಗಳೂರಿನದು. "ಈ ಸೆಲ್ ಲೈನ್ ಹೋದ್ರೆ ಮ್ಯಾನೇಜ್‌ಮೆಂಟ್‌ನವರು ಕೋಶ ಸಾಕೋ ಕಲ್ಚರ್ ರೂಮ್ ಮುಚ್ಚಿ ಕೆಲಸ ಹೊರಗಡೆ ಕೊಡ್ತಾರೆ. ಸ್ಪೂರ್ತಿ ಇನ್ನೂ ಹುಡುಗಿ, ರಿಸರ್ಚಿಗೆ ಅಂತ ಬಂದೋಳು, ಎಲ್ಲಾದ್ರೂ ಸೇರ್ಕೋತಾಳೆ. ನಿಮ್ಮನ್ನ ಸ್ಟೋರ್ಸಿಗೆ ಹಾಕ್ತಾರೆ."

ಸ್ಟೋರ್ಸು ಎಂದರೆ ನೆಲಮಾಳಿಗೆ. ಅಲ್ಲಿ ಕೈಗವಸಿನ ಪೆಟ್ಟಿಗೆ, ಫಿನಾಯಿಲು, ಮುರಿದ ಕುರ್ಚಿ. ಜೀವವಿರುವುದು ಜಿರಲೆ ಒಂದೇ. ಅದನ್ನು ಸಾಕುವ ಅಗತ್ಯವಿಲ್ಲ. ಬೆಳಿಗ್ಗೆ ಬಂದ ಕೂಡಲೇ ಪೆಟ್ಟಿಗೆ ತೆಗೆದು ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುವುದು ಚನ್ನಬಸಮ್ಮನಿಗೆ ಇಷ್ಟಲಿಂಗ ನೋಡಿದಷ್ಟೇ ರೂಢಿಯಾಗಿತ್ತು. ಆ ನೋಟವಿಲ್ಲದ ಬೆಳಗನ್ನು ಆಕೆ ಕಲ್ಪಿಸಿಕೊಳ್ಳಲೂ ಹೋಗಲಿಲ್ಲ.

ರಜೆಗೆ ಮುಂಚಿನ ಕೊನೆಯ ಕೆಲಸದ ದಿನ ಪೂಜೆ. ಅದೇ ದಿನ ಕೋಶಗಳನ್ನು ಎಬ್ಬಿಸುವ ಸರದಿ. ಪ್ರಯೋಗಾಲಯದಲ್ಲಿ ಎಬ್ಬಿಸುವುದಕ್ಕೆ ನಿಜವಾದ ಮೇಸ್ತ್ರಿ ಬೇಕಾಗಿಲ್ಲ, ಅವನ ಸನ್ನೆಗಳ ನಕಲು ಸಾಕು. ತಟ್ಟೆಯ ಸಣ್ಣ ಸಣ್ಣ ಗುಳಿಗಳ ತಳಕ್ಕೆ ಮೊದಲ ಸನ್ನೆಯ ಪ್ರತಿಕಾಯವನ್ನು ಮೊದಲೇ ಬಳಿದಿರುತ್ತಾರೆ. ಕೋಶಗಳನ್ನು ಅದರೊಳಗೆ ಬಿಟ್ಟು, ಹಿಂದೆಯೇ ಪಿಪೆಟ್ಟಿನಿಂದ ಎರಡನೆಯ ಸನ್ನೆಯ ಪ್ರತಿಕಾಯವನ್ನು ತೊಟ್ಟಿಕ್ಕಿಸಬೇಕು. ಎಬ್ಬಿಸುವ ಮೊದಲು ಕೆಲವು ದಿನ ಹೊರಗಿನಿಂದ ಹಾಕುವ ಬುತ್ತಿ ನಿಲ್ಲಿಸುವುದು ರೂಢಿ. ಅದನ್ನೂ ಆಕೆ ಮಾಡಿದ್ದಳು. ಬಾಟಲಿಯಲ್ಲಿದ್ದದ್ದನ್ನೆಲ್ಲ ಗುಳಿಗಳಿಗೆ ಬಿಟ್ಟು ತಟ್ಟೆಯನ್ನು ಪೆಟ್ಟಿಗೆಯಲ್ಲಿಟ್ಟು, ಎರಡನೆಯದನ್ನು ತರಲು ಫ್ರಿಜ್ಜಿನ ಕಡೆ ತಿರುಗಿದಳು. ಬಾಗಿಲಲ್ಲಿ ಈರೇಶ್ ನಿಂತಿದ್ದ, ಹಣೆಗೆ ಆಗಲೇ ವಿಭೂತಿ ಬಿದ್ದಿತ್ತು.

"ಮೇಡಂ, ಬನ್ನಿ ಬನ್ನಿ, ಅಯ್ನೋರು ಬಂದ್ಬಿಟ್ರು. ಇನ್ನೂ ಏಳೆಂಟು ಕಂಪನಿ ಮುಗಿಸ್ಬೇಕಂತೆ, ಸ್ಕೂಟರ್ ಆಫೇ ಮಾಡಿಲ್ಲ."

"ಎರಡನೇದು ಹಾಕಿಬಿಟ್ಟು ಬರ್ತೀನಿ ಸಾರ್."

"ಐದು ನಿಮಿಷ ಮೇಡಂ, ನೀವಿಲ್ದೆ ಶುರು ಮಾಡೋದು ಹೆಂಗೆ?"

ಆ ಅಯ್ಯನವರು ಹಬ್ಬದ ದಿನ ಮಂತ್ರವನ್ನು ಎಷ್ಟು ಬೇಗ ಹೇಳುತ್ತಿದ್ದರೆಂದರೆ, ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಅವರ ಮಂಗಳಾರತಿಯ ಗಂಟೆ ಬಾರಿಸಿದ ಸದ್ದು ಅವರು ಮುಂದಿನ ಕಾರ್ಖಾನೆಯಲ್ಲಿ ಪ್ರಸಾದ ತಿನ್ನುವಾಗ ಕೇಳಿಸುತ್ತಿತ್ತು. ಆದರೂ ಪೂಜೆ ಐದು ನಿಮಿಷ ಮೀರಿತು. ಚನ್ನಬಸಮ್ಮ ದೀಪ ಹಚ್ಚಿ, ಕಾಯಿ ಒಡೆಸಿ, ಬೂದುಗುಂಬಳಕ್ಕೆ ಕುಂಕುಮ ತುಂಬಿಸಿ, ಈರೇಶನ ಕೈಲಿ ಅದನ್ನು ಗೇಟಿನ ಮುಂದೆ ಒಡೆಸಿ ಒಳಗೆ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಯಾರೋ ಭಕ್ತಿಯಿಂದ ಇದ್ದಬದ್ದ ಪಿಪೆಟ್ಟುಗಳನ್ನೆಲ್ಲ ತಂದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದರು. ಒಂದೊಂದರ ಹಣೆಗೂ ಕುಂಕುಮ. ಒಂದೊಂದರ ಹೆಗಲಿಗೂ ಸೇವಂತಿಗೆ ಎಸಳು. ಫ್ರಿಜ್ಜಿನ ಹಿಡಿಗೆ ಮಾವಿನ ತೋರಣ.

ಚನ್ನಬಸಮ್ಮ ಮೇಜಿನ ಮುಂದೆ ನಿಂತಳು. ಒಂದು ಪಿಪೆಟ್ಟನ್ನು ಒರೆಸಿ ಎತ್ತಿಕೊಳ್ಳಬಹುದಿತ್ತು. ಕೈ ಮುಂದೆ ಹೋಯಿತು. ಚೌಕದ ಕಂಬಿ ಕಣ್ಣ ಮುಂದೆ ಬಂತು. ಕೈ ಹಿಂದೆ ಬಂತು.

"ಅಕ್ಕಾ, ಸೆಕೆಂಡ್ ಸಿಗ್ನಲ್?" ಎಂದಳು ಸ್ಪೂರ್ತಿ. ಸಂಶೋಧನೆಗೆಂದು ಸೇರಿದ ಹುಡುಗಿ, ಕೈಯಲ್ಲಿ ಕೋಸಂಬರಿಯ ದೊನ್ನೆ.

"ಪೂಜೆ ಆಗಿದೆಯಲ್ಲೇ. ಹಬ್ಬ ಕಳೀಲಿ, ಬಂದು ಮೊದಲು ಅದೇ ಕೆಲಸ ಮಾಡ್ತೀನಿ. ಅವೂ ನಮ್ಮ ಕರ್ನಾಟಕದ್ದೇ ರಕ್ತ, ಎರಡು ದಿನ ರಜಾ ತಗೊಂಡ್ರೆ ಏನಾಗ್ತದೆ?"

ಸ್ಪೂರ್ತಿಗೆ ಏನೋ ಹೇಳಬೇಕೆನಿಸಿತು. ಆದರೆ ಹಿರಿಯರು ಹೇಳಿದ್ದಾರೆ, ಬಾಯಲ್ಲಿ ಕೋಸಂಬರಿಯೂ ಇತ್ತು.

ಹಬ್ಬ ಮುಗಿಸಿ ಬಂದವಳು ನೀರು ಕುಡಿಯುವ ಮೊದಲೇ ಪೆಟ್ಟಿಗೆ ತೆಗೆದಳು. ಎದ್ದ ಟಿ-ಕೋಶ ಸುಮ್ಮನಿರುವುದಿಲ್ಲ. ಮೈ ಉಬ್ಬಿಸುತ್ತದೆ, ಒಂದನ್ನೊಂದು ಹಿಡಿದುಕೊಂಡು ದ್ರಾಕ್ಷಿ ಗೊಂಚಲಿನಂತೆ ಗುಂಪು ಕಟ್ಟುತ್ತದೆ, ಉಂಡು ಉಂಡು ತಾನಿರುವ ಕೆಂಪು ನೀರನ್ನು ಹುಳಿ ಮಾಡುತ್ತದೆ. ಆಗ ಕುಂಕುಮದ ಬಣ್ಣ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಯಾವ ಗುಳಿಯಲ್ಲೂ ಗೊಂಚಲಿರಲಿಲ್ಲ. ಒಂದೊಂದೂ ಬೇರೆ ಬೇರೆ, ಸಣ್ಣಗೆ, ದುಂಡಗೆ, ಪಕ್ಕದವರ ಮುಖ ನೋಡದೆ ಕೂತಿತ್ತು. ನೀರು ಕುಂಕುಮದಷ್ಟೇ ಕೆಂಪು. ಈಗ ಎರಡನೆಯ ಸನ್ನೆ ತೊಟ್ಟಿಕ್ಕಿಸಿದಳು. ಏನೂ ಆಗಲಿಲ್ಲ. ಹೊಸ ತಟ್ಟೆಗೆ ಒಂದಷ್ಟನ್ನು ಸಾಗಿಸಿ ಎರಡೂ ಸನ್ನೆಗಳನ್ನು ಒಟ್ಟಿಗೇ ಕೊಟ್ಟಳು. ಮರುದಿನವೂ ಕೆಂಪು. ಸತ್ತಿದ್ದರೆ ಬಣ್ಣ ಹಾಕಿ ನೋಡಿದಾಗ ನೀಲಿಯಾಗಬೇಕಿತ್ತು, ಆಗಲಿಲ್ಲ. ಎಲ್ಲವೂ ಬದುಕಿದ್ದವು, ಬದುಕಿ ಮುನಿದಿದ್ದವು.

ಈರೇಶ್ ತಟ್ಟೆ ನೋಡಿದ. ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಮೇಲೆ ಇನ್ನೂ ಒರೆಸದ ಒಂದು ಪಿಪೆಟ್ಟು ಕಣ್ಣಿಗೆ ಬಿತ್ತು. ಅದರ ಹಣೆಯ ಮೇಲಿನ ಕುಂಕುಮದಲ್ಲಿ ಹೆಬ್ಬೆರಳಿನ ಗುರುತು ದೊಡ್ಡದಾಗಿತ್ತು. ಇಡೀ ಪ್ರಯೋಗಾಲಯದಲ್ಲಿ ಅಷ್ಟು ಅಗಲದ ಹೆಬ್ಬೆರಳು ಒಬ್ಬನದೇ.

"ಇದನ್ನ ಹಚ್ಚಿದ್ದು ನಾನೇ ಅಲ್ವಾ?" ಎಂದ.

"ಹೌದು ಸಾರ್. ಎಲ್ಲಾ ತಂದು ಜೋಡಿಸಿದ್ದೂ ನೀವೇ ಅಂತೆ," ಎಂದಳು ಸ್ಪೂರ್ತಿ.

ಈರೇಶ್ ಆ ಪಿಪೆಟ್ಟನ್ನು ಎತ್ತಿ ಒರೆಸಿಟ್ಟ. "ಆದ್ರೂ ಮೇಡಂ, ಮೇಲಿನವರಿಗೆ ಹೆಬ್ಬೆರಳಿನ ಕಥೆ ಹೇಳೋಕಾಗಲ್ಲ. ಲಸಿಕೆಯವರು ಬರೋ ಹೊತ್ತಿಗೆ ಇವು ಏಳ್ಬೇಕು. ಇಲ್ದಿದ್ರೆ ಸ್ಟೋರ್ಸೇ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಚನ್ನಬಸಮ್ಮನಿಗೆ ಹೆಚ್ಚು ಭಾರವಾಯಿತು.

ಮನೆಯಲ್ಲಿ ಮಡಿವಾಳಪ್ಪ ಸಂಗತಿ ಕೇಳಿ ಬಹಳ ಹೊತ್ತು ಯೋಚಿಸಿದ. "ನೀನು ಮಾಡಿದ್ದು ಸರಿ. ಪೂಜೆ ಮಾಡಿದ್ದನ್ನ ಮುಟ್ಟಬಾರದು," ಎಂದ. ಮತ್ತೆ ಯೋಚಿಸಿ, "ತಪ್ಪೂ ಹೌದು," ಎಂದ. ಇಂಥ ನ್ಯಾಯಕ್ಕೆ ಹೆಸರಾದವನು ಎಂದೇ ಅಪಾರ್ಟ್‌ಮೆಂಟಿನವರು ನೀರಿನ ಟ್ಯಾಂಕರಿನ ಜಗಳಕ್ಕೆಲ್ಲ ಅವನನ್ನೇ ಕರೆಯುತ್ತಿದ್ದರು.

ಮರುದಿನ ಬೆಳಿಗ್ಗೆ ನಾಕಾದಲ್ಲಿ ವ್ಯಾನು ತಡವಾಯಿತು. ಚನ್ನಬಸಮ್ಮ ನಿಲ್ಲುವ ಕಂಬದ ಬುಡದಲ್ಲಿ ರೇವಣಸಿದ್ದ ಕೂತಿದ್ದ. ಯಾದಗಿರಿ ಕಡೆಯವನು, ನೆಲಕ್ಕೆ ಟೈಲ್ಸ್ ಕೂರಿಸುವವನು, ನೋಡಿ ನೋಡಿ ಮಾತಿನ ಪರಿಚಯ. ಬೈಕಿನಲ್ಲಿ ಒಬ್ಬ ಮೇಸ್ತ್ರಿ ಬಂದು ಕೈಯಲ್ಲಿದ್ದ ಒಡೆದ ಟೈಲ್ಸಿನ ಚೂರನ್ನು ಎತ್ತಿ ತೋರಿಸಿದ.

"ಈ ಮಾಲು ಕೂರಿಸಿರೋರು ಯಾರಾದ್ರೂ ಇದ್ದೀರೇನ್ರಪ್ಪಾ? ಬಾ ಗುರು, ನೀನು ಟೈಲ್ಸ್‌ನೋನಲ್ವಾ?"

ರೇವಣಸಿದ್ದ ಚೂರಿನ ಕಡೆ ನೋಡಿದ. ಗುರುತು ಹತ್ತಿದ್ದು ಮುಖದಲ್ಲೇ ಕಂಡಿತು. ಆದರೂ ಎಲೆ ಅಡಿಕೆಯ ಚೀಲ ಬಿಚ್ಚಿ ಸುಣ್ಣ ಹುಡುಕತೊಡಗಿದ. ಮೇಸ್ತ್ರಿ ಇನ್ನೊಂದು ಸಲ ಕರೆದು, ಗೊಣಗಿಕೊಂಡು ಹೋದ.

"ಯಾಕಪ್ಪಾ, ನಿನ್ನದೇ ಕೆಲಸ ಅಲ್ವಾ ಅದು?" ಎಂದಳು ಚನ್ನಬಸಮ್ಮ.

"ನಂದೇ ಐತ್ರೀ ಅಕ್ಕಾರ. ಆದ್ರ ಹೋಗಂಗಿಲ್ರೀ. ಇಂಥಾವ ಒಬ್ಬ ಬಂದು ಟೈಲ್ಸಿನ ಬಿಲ್ಲೆ ತೋರಸ್ದ, ನಾ ಎದ್ದು ನಿಂತೆ. 'ಇಲ್ಲೇ ನಿಂತಿರು, ಗಾಡಿ ತರ್ತೀನಿ' ಅಂದು ಹೋದಾಂವ ಇನ್ನಾ ಬರಾಕತ್ಯಾನ. ಮಗ್ಗಲದಾಗ ಇದ್ದ ಕೆಲಸಾನೂ ಹೋತು. ಮಂದಿ ಎಲ್ಲಾ ನಕ್ರು. ಈಗ ಯಾಂವ ಬಂದ್ರೂ ಕಾಲು ಏಳಂಗಿಲ್ರೀ."

"ಇವನು ಖರೇ ಮೇಸ್ತ್ರಿ ಇದ್ದಂಗಿದ್ದ ಕಣೋ."

"ಇರಬೌದ್ರಿ. ನನ್ನ ಕಾಲಿಗೆ ಯಾರು ಹೇಳ್ಬೇಕು?"

"ಹಂಗಾದ್ರೆ ನಿನ್ನ ಎಬ್ಬಿಸೋದು ಹೆಂಗಪ್ಪಾ?"

ರೇವಣಸಿದ್ದ ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ ನಕ್ಕ. "ಬಿದ್ದ ಕುದುರೀಗೆ ಮೊದ್ಲ ಹುಲ್ಲ ಹಾಕ್ತಾರೋ, ಚಾಟಿ ತೋರಸ್ತಾರೋ ಅಕ್ಕಾರ?"

ವ್ಯಾನು ಬಂತು. ಹತ್ತುವ ಮುಂಚೆ ಚನ್ನಬಸಮ್ಮ ತನ್ನ ಟಿಫಿನ್ನಿನ ರೊಟ್ಟಿ, ಎಣ್ಣೆಗಾಯಿ ಅವನ ಕೈಗಿತ್ತಳು. ಕುದುರೆಯ ಲೆಕ್ಕಕ್ಕೆ ಕೊಟ್ಟದ್ದೋ, ಅಂದು ತನಗೇ ಹಸಿವಿಲ್ಲದ್ದಕ್ಕೋ, ಆಕೆಗೂ ಗೊತ್ತಾಗಲಿಲ್ಲ.

ಪ್ರಯೋಗಾಲಯದಲ್ಲಿ ಸ್ಪೂರ್ತಿ ರಾತ್ರಿಯೆಲ್ಲ ಓದಿದ ಕಣ್ಣುಗಳೊಡನೆ ಕಾದಿದ್ದಳು. "ಅಕ್ಕಾ, ಹಿಂದೆ ಯಾರ್ಯಾರೋ ಇದನ್ನ ಮಾಡಿ ನೋಡಿದ್ದಾರೆ. ಮುನಿದ ಕೋಶ ತನ್ನ ಐಎಲ್-ಟೂ ತಾನು ಮಾಡ್ಕೊಳ್ಳಲ್ಲ ಅಲ್ವಾ? ನಾವೇ ಹೊರಗಿಂದ ಧಾರಾಳವಾಗಿ ಕೊಟ್ರೆ ಕೆಲವು ವಾಪಸ್ ಬರ್ತಾವಂತೆ."

ಐಎಲ್-ಟೂ ಎಂದರೆ ಬುತ್ತಿಯೇ. ಚನ್ನಬಸಮ್ಮ ನಾಕಾ ಹೇಳಿ ಗಂಡನಿಗೆ ವಿವರಿಸಿದ್ದ ಅದೇ ಬುತ್ತಿಯ ಶಾಸ್ತ್ರೋಕ್ತ ಹೆಸರು.

"ಸರಿ, ಈಗ್ಲೇ ಹಾಕಿ. ಹಾಕಿ ಇವತ್ತೇ ಎರಡೂ ಸಿಗ್ನಲ್ ಕೊಟ್ಬಿಡಿ," ಎಂದ ಈರೇಶ್. ಅವನಿಗೆ ಕ್ಯಾಲೆಂಡರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಇವತ್ತು ಬ್ಯಾಡ ಸಾರ್," ಎಂದಳು ಚನ್ನಬಸಮ್ಮ.

"ಮತ್ತೆ ಹಬ್ಬಾನಾ ಮೇಡಂ?"

"ಅಲ್ಲ ಸಾರ್. ಆ ತಳದ ಸನ್ನೆಯಿಂದ ಎತ್ತಿ ಬರೇ ತಟ್ಟೆಗೆ ಹಾಕ್ತೀನಿ. ಕೆಲವು ದಿನ ಉಂಡ್ಕೊಂಡು ಇರ್ಲಿ, ಚೂರು ಪಾರು ಏನೂ ತೋರಿಸೋದು ಬ್ಯಾಡ. ಆಮೇಲೆ ಎರಡೂ ಒಟ್ಟಿಗೇ."

ಈರೇಶ್ ಸ್ಪೂರ್ತಿಯ ಕಡೆ ನೋಡಿದ. ಅವಳು ಹೆಗಲು ಕುಣಿಸಿ, "ರೆಸ್ಟ್ ಕೊಟ್ಟೋರೂ ಇದ್ದಾರೆ ಸಾರ್, ಕೊಡದೇ ಇರೋರೂ ಇದ್ದಾರೆ," ಎಂದಳು. ವಿಜ್ಞಾನ ಇಷ್ಟು ಸ್ಪಷ್ಟವಾಗಿ ಮಾತಾಡಿದ ಮೇಲೆ ಈರೇಶ್ ಗೋಡೆಯ ಕ್ಯಾಲೆಂಡರಿಗೆ ಬೆನ್ನು ತಿರುಗಿಸಿದ. "ಮಾಡಿ. ನನ್ನ ಹೆಬ್ಬೆರಳೂ ಅದ್ರಲ್ಲಿದೆ," ಎಂದು ಹೋದ.

ಮುಂದಿನ ದಿನಗಳಲ್ಲಿ ಚನ್ನಬಸಮ್ಮ ಕೋಶಗಳಿಗೆ ಬುತ್ತಿ ಕೊಡುವುದು, ಪೆಟ್ಟಿಗೆ ಮುಚ್ಚುವುದು, ಇಷ್ಟೇ ಮಾಡಿದಳು. ತೆಗೆದು ತೆಗೆದು ನೋಡಿದರೆ ಅವಕ್ಕೆ ಕೆಲಸದ ನೆನಪು ಬಂದೀತು ಎಂಬಂತೆ ಬಾಗಿಲ ಹಿಡಿಗೆ ಒಂದು ದಾರ ಕಟ್ಟಿ ತನ್ನನ್ನು ತಾನೇ ತಡೆದುಕೊಂಡಳು. ಅತ್ತ ಸ್ಟೋರ್ಸಿನ ಮಹಾಲಕ್ಷ್ಮಿ ಒಮ್ಮೆ ಮೇಲೆ ಬಂದು, "ಅಕ್ಕಾ, ನಿಮಗೆ ಅಂತ ಕಿಟಕಿ ಪಕ್ಕದ ಕುರ್ಚಿ ಒರೆಸಿಟ್ಟಿದ್ದೀನಿ," ಎಂದು ಸಂತೋಷದಿಂದ ಹೇಳಿ ಹೋದಳು. ಪಾಪ, ಆ ನೆಲಮಾಳಿಗೆಗೆ ಕಿಟಕಿಯೇ ಇರಲಿಲ್ಲ. ಯಾರೋ ಗೋಡೆಗೆ ಅಂಟಿಸಿದ್ದ ಜಲಪಾತದ ಚಿತ್ರವನ್ನು ಅವಳು ಕಿಟಕಿ ಎನ್ನುತ್ತಿದ್ದಳು.

ನಾಕಾದಲ್ಲಿ ಬೆಳಿಗ್ಗೆ ರೊಟ್ಟಿಯ ವ್ಯವಹಾರ ನಡೆದೇ ಇತ್ತು. ಒಂದು ದಿನ ರೇವಣಸಿದ್ದನ ಪಕ್ಕ ಇನ್ನೊಬ್ಬ ಕೂತು ಅದೇ ಡಬ್ಬಿಯಲ್ಲಿ ಕೈ ಹಾಕಿದ್ದ. ವಿಜಯಪುರ ಕಡೆಯ ಮಲಕಪ್ಪ ಎಂಬ ಹಿರಿಯ ಮೇಸ್ತ್ರಿ. ಕೆಲಸದ ಮಾತೇ ಆಡದೆ ಎಣ್ಣೆಗಾಯಿಗೆ ಗುರೆಳ್ಳು ಸಾಲದು ಎಂದು ವಾದ ಮಾಡುತ್ತಿದ್ದ. ಅದಾದ ಎರಡು ಮೂರು ಬೆಳಗಿನ ಮೇಲೆ ಕಂಬದ ಬುಡ ಖಾಲಿಯಿತ್ತು. ತೊಳೆದ ಡಬ್ಬಿ ಎಳನೀರಿನವನ ಹತ್ತಿರ ಇತ್ತು.

"ಯಾರೋ ಹೆಗಲ ಮೇಲೆ ಕೈ ಹಾಕ್ಕೊಂಡು ಕರ್ಕೊಂಡು ಹೋದ್ರು ಅಕ್ಕಾ. ಸರ್ಜಾಪುರದ ಕಡೆ ಸೈಟಂತೆ," ಎಂದ ಎಳನೀರಿನವನು.

ಅದೇ ದಿನ ಚನ್ನಬಸಮ್ಮ ಪೆಟ್ಟಿಗೆಯ ದಾರ ಬಿಚ್ಚಿದಳು. ಶುಭಶಕುನ ಎಂದು ಆಕೆ ಹೇಳಲಿಲ್ಲ, ಬುತ್ತಿಯ ದಿನಗಳು ಮುಗಿದಿದ್ದವು. ಹೊಸ ತಟ್ಟೆಯ ತಳಕ್ಕೆ ಮೊದಲ ಸನ್ನೆ, ಕೋಶಗಳು, ಕೈ ತೆಗೆಯುವ ಮೊದಲೇ ಎರಡನೆಯ ಸನ್ನೆ. ಆಗ ಅಯ್ಯನವರೇ ಸ್ಕೂಟರಿನಲ್ಲಿ ಒಳಗೆ ಬಂದಿದ್ದರೂ ಆಕೆ ತಿರುಗಿ ನೋಡುತ್ತಿರಲಿಲ್ಲ.

ಜೊತೆಗೆ ಸ್ಪೂರ್ತಿ ಮೂರನೆಯದೊಂದನ್ನೂ ಸೇರಿಸಿದಳು. ಎದ್ದ ಸಹಾಯಕ ಕೋಶ ಯಾವ ಕೆಲಸ ಹಿಡಿಯುತ್ತದೆ ಎಂಬುದು ಅದರ ಸುತ್ತ ಏನು ಮಾತು ನಡೆಯುತ್ತಿದೆ ಎನ್ನುವುದರ ಮೇಲೆ ನಿಂತಿದೆ. ಐಎಲ್-ಟ್ವೆಲ್ವ್ ಎಂಬ ಮಾತು ಕಿವಿಗೆ ಬಿದ್ದರೆ, ಕ್ಷಯದ ಹುಳವನ್ನು ನುಂಗಿಯೂ ಅರಗಿಸಲಾಗದೆ ಕೂತ ಕೋಶಗಳಿಗೆ ಚುರುಕು ಮುಟ್ಟಿಸುವ ದಂಡಾಗುತ್ತದೆ. ಐಎಲ್-ಫೋರ್ ಬಿದ್ದರೆ ಹೊಟ್ಟೆಯ ಜಂತುಹುಳಕ್ಕೆ ಹೊರಡುತ್ತದೆ, ಮಾಡಲು ಕೆಲಸವಿಲ್ಲದಿದ್ದರೆ ಸೀನು ಉಬ್ಬಸ ತರುತ್ತದೆ. ಇನ್ನು ಕೆಲವು ಪ್ರತಿಕಾಯ ಮಾಡುವವರಿಗೆ ನೆರವಾಗುತ್ತವೆ, ಕೆಲವು ಎಲ್ಲರನ್ನೂ ಸಮಾಧಾನ ಮಾಡಿ ಕೂರಿಸುತ್ತವೆ. ಇಲ್ಲಿ ಬೇಕಾದದ್ದು ಕ್ಷಯದ ದಂಡು. ಹಳೆಯ ಸಂತಾನ, ಒಮ್ಮೆ ಕಲಿತ ಕಸುಬೇ. ಆದರೂ ದೀರ್ಘ ಮುನಿಸಿನ ಮೇಲೆ ಕಸುಬು ಮರೆತಿದ್ದರೆ ಎಂದು ಸ್ಪೂರ್ತಿ ಮೊದಲ ಮಾತನ್ನೇ ಕಿವಿಯಲ್ಲಿ ಊದಿದಳು.

ಲಸಿಕೆಯವರು ಬರುವುದು ಶುಕ್ರವಾರ. ಬುಧವಾರ ತಟ್ಟೆ ಕೆಂಪು. ಗುರುವಾರ ಬೆಳಿಗ್ಗೆ ಚನ್ನಬಸಮ್ಮ ಬಾಗಿಲು ತೆಗೆದು ತಟ್ಟೆಯನ್ನು ಬೆಳಕಿಗೆ ಹಿಡಿದಳು. ಮೊದಲ ಸಾಲು ಕುಂಕುಮ. ಎರಡನೆಯ ಸಾಲು ಕುಂಕುಮ. ಮೂರನೆಯ ಸಾಲಿನ ತುದಿಯಲ್ಲಿ ಒಂದು ಗುಳಿ ಕಿತ್ತಳೆಯಾಗಿತ್ತು. ಅದರ ಕೆಳಗಿನದು ಅರಿಶಿನ. ಮತ್ತೊಂದು ಮೂಲೆಯಲ್ಲಿ ಎರಡು ಮೂರು ಅರಿಶಿನ. ಮೈಕ್ರೋಸ್ಕೋಪಿನ ಕೆಳಗಿಟ್ಟಾಗ ಗೊಂಚಲು ಗೊಂಚಲಾಗಿ ಮೈ ಉಬ್ಬಿಸಿಕೊಂಡು ಕೂತಿದ್ದವು.

"ಸ್ಪೂರ್ತಿ, ಬಾ ಇಲ್ಲಿ," ಎಂದಳು. ಆ ದನಿಗೆ ನೆಲಮಾಳಿಗೆಯ ಮಹಾಲಕ್ಷ್ಮಿ ಒರೆಸುವ ಬಟ್ಟೆ ಬಿಟ್ಟು ಮೇಲೆ ಓಡಿಬಂದಳು, ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ಮೇಲೆ ವಾಹನಗಳು ತಾವಾಗಿ ದಾರಿ ಬಿಟ್ಟವು ಎಂದೂ ಹೇಳುವವರಿದ್ದಾರೆ.

ಹೆಚ್ಚಿನ ಗುಳಿಗಳು ಕೆಂಪಾಗಿಯೇ ಉಳಿದವು. ಮುನಿದವರನ್ನೆಲ್ಲ ಎಬ್ಬಿಸುವ ಶಕ್ತಿ ಯಾವ ಊಟಕ್ಕೂ ಇಲ್ಲ. ಎದ್ದ ಕೆಲವು ಗುಳಿಗಳದ್ದನ್ನು ಕೂಡಿಸಿ ನೋಡಿದರು. ಚುರುಕು ಮುಟ್ಟಿಸುವ ಇಂಟರ್‌ಫೆರಾನ್ ಎಂಬ ರಸವನ್ನು ಬಿಡುತ್ತಿದ್ದವು, ಕಸುಬು ಮರೆತಿರಲಿಲ್ಲ. ಪರೀಕ್ಷೆಗೆ ಆಗುವಷ್ಟು ಇರಲಿಲ್ಲ, ಬೆಳೆಸಿ ಹೆಪ್ಪುಗಟ್ಟಿಸಲು ಸಾಕು. ಶುಕ್ರವಾರ ಬಂದ ಲಸಿಕೆಯವರಿಗೆ ಈರೇಶ್ ಅರಿಶಿನದ ಗುಳಿಗಳನ್ನು ತೋರಿಸಿ, ಇನ್ನೊಂದು ತಿಂಗಳು ಕೇಳಿದ. ಅವರು ಕೊಟ್ಟರು. ಕಲ್ಚರ್ ರೂಮಿನ ಬಾಗಿಲು ತೆರೆದೇ ಉಳಿಯಿತು. ಮಹಾಲಕ್ಷ್ಮಿ ಒರೆಸಿಟ್ಟ ಕುರ್ಚಿಯಲ್ಲಿ ತಾನೇ ಕೂತಳು. ಏಳದ ಗುಳಿಗಳಿಗೆ ಚನ್ನಬಸಮ್ಮ ಬ್ಲೀಚ್ ಸುರಿದಳು. ಸುರಿಯುವಾಗ ಮುಖ ಪಕ್ಕಕ್ಕೆ ತಿರುಗಿಸಿದಳು, ಅದು ವಾಸನೆಗೆ.

ರೇವಣಸಿದ್ದ ಮತ್ತೆ ಕಂಡದ್ದು ಬೇಸಿಗೆಯಲ್ಲಿ. ಮಲಕಪ್ಪನ ಬೈಕಿನ ಹಿಂದೆ ಕೂತಿದ್ದ, ಕೈಯಲ್ಲಿ ಕರಣೆ.

"ಟೈಲ್ಸ್ ಬಿಟ್ಯಾ?"

"ಮಲಕಪ್ಪನ ಗುಂಪೆಲ್ಲಾ ಗಾರೇದವ್ರೀ ಅಕ್ಕಾರ. ಅವರ ಮಾತ ಕೇಳಿ ಕೇಳಿ ನಾನೂ ಗಾರೇದಂವ ಆದೆ," ಎಂದು ಹಲ್ಲು ಬಿಟ್ಟ. ಈ ಮಾತನ್ನು ಚನ್ನಬಸಮ್ಮ ಸ್ಪೂರ್ತಿಗೆ ಹೇಳಿದಾಗ ಅವಳು ಅರ್ಧ ಗಂಟೆ ನಕ್ಕಳು. ಮಡಿವಾಳಪ್ಪ ಮಾತ್ರ, ನಿಮ್ಮಣ್ಣನನ್ನೂ ಆ ಗುಂಪಿಗೆ ಸೇರಿಸು ಎಂದ.

ಈ ವರ್ಷದ ಆಯುಧಪೂಜೆಗೆ ಅಯ್ಯನವರು ಮತ್ತೆ ಸ್ಕೂಟರು ಆರಿಸದೆ ಒಳಗೆ ಬಂದರು. ಮೇಜಿನ ಮೇಲೆ ಪಿಪೆಟ್ಟುಗಳ ಸಾಲು, ಎಲ್ಲದರ ಹಣೆಗೂ ಕುಂಕುಮ.

"ಆಯುಧ ಎಲ್ಲಾ ಇಟ್ಟೀರೇನ್ರಮ್ಮಾ? ಒಂದೂ ಬಿಡಬಾರದು," ಎಂದರು.

"ಎಲ್ಲಾ ಇಟ್ಟೀವಿ ಅಯ್ನೋರೆ," ಎಂದಳು ಚನ್ನಬಸಮ್ಮ, ಎರಡೂ ಕೈ ಮುಗಿದು.

ಪಕ್ಕದಲ್ಲಿ ನಿಂತ ಈರೇಶ್ ಕಣ್ಣು ಮುಚ್ಚಿಕೊಂಡೇ ಆಕೆಯ ಕಡೆ ಬಾಗಿದ. "ಮೇಡಂ, ಎರಡನೇದು?"

"ಎರಡೂ ಒಟ್ಟಿಗೇ ಹಾಕ್ಬೇಕು ಸಾರ್. ಮಂಗಳಾರತಿ ಆಗ್ಲಿ."

ಮಂಗಳಾರತಿಯ ತಟ್ಟೆ ಸುತ್ತು ಬಂತು. ಚನ್ನಬಸಮ್ಮ ಆರತಿಗೆ ಬಲಗೈ ಚಾಚಿ ಕಣ್ಣಿಗೊತ್ತಿಕೊಂಡಳು. ಎಡಗೈ ಮಾತ್ರ ಬಿಳಿ ಕೋಟಿನ ಜೇಬಿನಲ್ಲೇ ಇತ್ತು. ಅಲ್ಲಿ ಬೆಳಿಗ್ಗೆಯೇ ಅಡಗಿಸಿಟ್ಟ ಒಂದು ಪಿಪೆಟ್ಟು, ದೇವರ ಕಣ್ಣಿಗೆ ಬೀಳದಂತೆ ಕರವಸ್ತ್ರದಲ್ಲಿ ಸುತ್ತಿಕೊಂಡು, ಹಬ್ಬವೇ ಇಲ್ಲದೆ ಬೆಚ್ಚಗಿತ್ತು.